ಹಲಗೆಯ ಮೇಲಿನ ಎಂಟು

ಹಲ್ಲಿನ ಡಾಕ್ಟರಿಗೆ ಎರಡು ಹುಚ್ಚುಗಳಿದ್ದವು. ಒಂದು ದುಬಾರಿ ಕೈಗಡಿಯಾರಗಳದ್ದು, ಇನ್ನೊಂದು ರೇಸ್ ಕಾರಿನದ್ದು. ವಿಚಿತ್ರವೆಂದರೆ, ಗಡಿಯಾರವೆಂದರೆ ಪ್ರಾಣ ಬಿಡುವ ಆ ಮನುಷ್ಯನಿಗೆ ಅದನ್ನು ಕಟ್ಟಿಕೊಳ್ಳುವ ಯೋಗವೇ ಇರಲಿಲ್ಲ. ಕ್ಲಿನಿಕ್ಕಿನಲ್ಲಿ ಮೊಣಕೈವರೆಗೆ ತೊಳೆದು ಕೈಗವಸು ಹಾಕಬೇಕು, ಮಣಿಕಟ್ಟಿನ ಮೇಲೆ ಏನೂ ಇರಕೂಡದು. ರೇಸಿನ ಕಾರಿಗೆ ಹತ್ತುವ ಮುಂಚೆಯೂ ಉಂಗುರ, ಸರ, ವಾಚು ಎಲ್ಲ ಬಿಚ್ಚಿಡಬೇಕು. ಬೆಂಕಿ ಹತ್ತಿದರೆ ಕಾದ ಲೋಹ ಮೈಗೆ ಅಂಟಿಕೊಳ್ಳುತ್ತದೆ ಎಂದು ರೇಸ್ ಕ್ಲಬ್ಬಿನವರು ಮಾಡಿದ ನಿಯಮ ಅದು. ಹೀಗಾಗಿ ಡಾಕ್ಟರು ಕೆಲಸಕ್ಕೂ ಬರಿಗೈ, ಆಟಕ್ಕೂ ಬರಿಗೈ.

ಇದನ್ನು ಕಂಡು ಅವರ ತಾಯಿ ನಗುತ್ತಿದ್ದರು. "ಹಲ್ಲಿದ್ದೋನಿಗೆ ಕಡಲೆ ಇಲ್ಲ, ಕಡಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರೆ. ನಿಂಗೆ ಹಲ್ಲೂ ಇದೆ, ಕಡಲೆನೂ ಇದೆ. ಬಾಯಿ ತೆಗೆಯೋಕೆ ಪುರುಸೊತ್ತಿಲ್ಲ ನೋಡು ಮಗಾ."

ಪುರುಸೊತ್ತು ಸಿಗುತ್ತಿದ್ದದ್ದು ರಾತ್ರಿಯೂಟ ಆದಮೇಲೆ. ಮೇಜು ಒರೆಸಿ, ಮೆತ್ತನೆಯ ಬಟ್ಟೆ ಹಾಸಿ, ಡಾಕ್ಟರು ಮರದ ಪೆಟ್ಟಿಗೆಯಿಂದ ಗಡಿಯಾರಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದರು. ಕೀಲಿ ಕೊಡಬೇಕಾದ್ದಕ್ಕೆ ಕೀಲಿ ಕೊಟ್ಟು, ಕೈಯ ಅಲುಗಾಟದಿಂದಲೇ ನಡೆಯುವಂಥದ್ದನ್ನು ಮಗುವನ್ನು ತೂಗಿದ ಹಾಗೆ ಮೆಲ್ಲಗೆ ತೂಗಿ, ಕಿವಿಗಿಟ್ಟು ಕೇಳಿ, ಒರೆಸಿ ಒಳಗಿಡುತ್ತಿದ್ದರು. ಒಂದು ತೆಳ್ಳಗೆ ಬಿಸ್ಕತ್ತಿನಂತೆ, ಇನ್ನೊಂದು ಸಮುದ್ರದೊಳಗೆ ಮುಳುಗಿದರೂ ನಡೆಯುವಂಥದು. "ಮುಳುಗೋಕೆ ನೀನೆಲ್ಲಿ ಹೋಗ್ತೀಯ? ಬಚ್ಚಲಿಗಾ?" ಎಂದು ತಾಯಿ ಕೇಳಿದರೆ, "ಇರಲಿ ಬಿಡಮ್ಮ, ಅದಕ್ಕೆ ಧೈರ್ಯ ಇದೆ ಅಂತ ಗೊತ್ತಿದ್ರೆ ಸಾಕು" ಎನ್ನುತ್ತಿದ್ದರು.

ಈ ನಂಟು ಬೆಳೆದದ್ದು ಒಬ್ಬ ರೋಗಿಯಿಂದ. ಪ್ರಾಕ್ಟೀಸು ಶುರುಮಾಡಿದ ಹೊಸತರಲ್ಲಿ, ಗಡಿಯಾರ ರಿಪೇರಿಯ ಮುದುಕನೊಬ್ಬ ದವಡೆ ಊದಿಸಿಕೊಂಡು ಬಂದಿದ್ದ. ಇಂಜೆಕ್ಷನ್ ಹತ್ತುವವರೆಗೆ ಸುಮ್ಮನೆ ಕೂರಲಾರದೆ ಜೇಬಿನಿಂದ ಒಂದು ವಾಚು ತೆಗೆದು ಅದರ ಬೆನ್ನಿನ ಮುಚ್ಚಳ ತಿರುಗಿಸಿದ. "ನೋಡಿ ಡಾಕ್ಟ್ರೇ, ಇಲ್ಲೂ ನಿಮ್ಮ ಕಸುಬೇ. ಬರೀ ಹಲ್ಲು. ಒಂದು ಸವೆದ್ರೆ ಇಡೀ ಬಾಯಿ ಕೆಡುತ್ತೆ" ಎಂದ, ಮರಗಟ್ಟುತ್ತಿದ್ದ ನಾಲಿಗೆಯಲ್ಲಿ. ಡಾಕ್ಟರು ಬಗ್ಗಿ ನೋಡಿದರು. ಸಾಸಿವೆಯಷ್ಟು ಚಕ್ರಗಳು, ಕೂದಲಿನಷ್ಟು ತೆಳುವಾದ ಸುರುಳಿ, ಉಸಿರಾಡುತ್ತಿರುವಂತೆ ಹಿಂದೆ ಮುಂದೆ ಆಡುವ ಒಂದು ಬಳೆ. ಅಂದು ಹಲ್ಲು ಕೀಳಿಸಿಕೊಂಡವನು ಮುದುಕ, ಮನಸ್ಸು ಕಳೆದುಕೊಂಡವರು ಡಾಕ್ಟರು.

ಆಮೇಲೆ ಗಡಿಯಾರದ ಬಗ್ಗೆ ಅವರು ಯಾರಿಗಾದರೂ ಹೇಳುತ್ತಿದ್ದದ್ದು ಒಂದೇ ಮಾತು: "ಒಳ್ಳೇ ವಾಚು ಅಂದ್ರೆ ಯಾರ ಮುಖಾನೂ ನೋಡಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಒಂದು ಗಳಿಗೆ ಜಾಸ್ತಿನೂ ಹೇಳಲ್ಲ, ಕಮ್ಮಿನೂ ಹೇಳಲ್ಲ." ಈ ಮಾತನ್ನೂ ಅವರು ಹೆಚ್ಚಾಗಿ ಹೇಳುತ್ತಿದ್ದದ್ದು ರೋಗಿಯ ಬಾಯೊಳಗೆ ಹತ್ತಿಯಿಟ್ಟ ಮೇಲೆಯೇ. ಮಿತಭಾಷಿ, ಸಂಕೋಚದ ಮನುಷ್ಯ. ಎದುರಿನವರು ತಿರುಗಿ ಉತ್ತರ ಕೊಡಲಾರರು ಎಂದು ಖಾತ್ರಿಯಾದಾಗ ಮಾತ್ರ ನಾಲಿಗೆ ಸಡಿಲವಾಗುತ್ತಿತ್ತು.

ಇಂಥವರು ರೇಸಿಗೆ ಬಿದ್ದದ್ದು ಹೇಗೆಂದು ಊರಿಗೇ ಸೋಜಿಗ. ಬೀದಿಯಲ್ಲಿ ಅವರು ಕಾರು ಓಡಿಸಿದರೆ ಹಿಂದಿನವರು ಹಾರ್ನು ಹೊಡೆದು ಹೊಡೆದು ಸುಸ್ತಾಗಬೇಕು, ಅಷ್ಟು ಮೆಲ್ಲಗೆ. ಆದರೆ ವಿಮಾನ ಇಳಿಯುವುದು ನಿಂತು ಎಷ್ಟೋ ವರ್ಷವಾಗಿದ್ದ ಊರಾಚೆಯ ಹಳೇ ರನ್‌ವೇಯಲ್ಲಿ, ಟೈರುಗಳನ್ನು ಪೇರಿಸಿ ತಿರುವು ಮಾಡಿದ್ದ ಜಾಗದಲ್ಲಿ, ಗೆಳೆಯನ ಪಕ್ಕ ಕುಳಿತು ಒಂದು ಸುತ್ತು ಬಂದದ್ದೇ ತಡ, ಇಳಿದವರು ಬೇರೆಯೇ ಮನುಷ್ಯ. ಎಲ್ಲರೂ ಅಂದುಕೊಂಡಂತೆ ವೇಗದ ಅಮಲು ಅದಲ್ಲ. ಆ ವೇಗದಲ್ಲಿ ಮನಸ್ಸಿಗೆ ಅತ್ತಿತ್ತ ಹೋಗಲು ಜಾಗವೇ ಇರುವುದಿಲ್ಲ. ಮುಂದಿನ ತಿರುವೊಂದೇ ಸತ್ಯ. ಜಪಕ್ಕೆ ಕುಳಿತವರಿಗೆ ವರ್ಷಗಟ್ಟಲೆ ಸಿಗದ ಏಕಾಗ್ರತೆ ತನಗೆ ಇಲ್ಲಿ ಅನಾಯಾಸವಾಗಿ ಸಿಗುತ್ತದೆ ಎಂದು ಅವರು ಒಮ್ಮೆ ಹೆಂಡತಿಗೆ ಹೇಳಿದ್ದರು. ಆಕೆ ಅದಕ್ಕೆ ಏನೂ ಅಂದಿರಲಿಲ್ಲ. ಅಂದದ್ದು ತಾಯಿ: "ಆರು ದಿನ ಜನರ ಬಾಯಿ, ಏಳನೇ ದಿನ ಸಾವಿನ ಬಾಯಿ. ಬಾಯಿ ಬಿಟ್ರೆ ಬೇರೆ ಗತಿ ಇಲ್ಲ ಇವನಿಗೆ."

ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರು. ಬೀದಿಗೆಲ್ಲ ಟೀಚರಮ್ಮ. ಡಾಕ್ಟರೂ ತಮಾಷೆಗೆ "ಟೀಚರೇ" ಎಂದೇ ಕರೆಯುವುದು. ರೇಸಿನ ದಿನ ಟೀಚರಮ್ಮನಿಗೆ ಒಂದು ಕೆಲಸವಿತ್ತು. ಕಾರುಗಳು ಹಾದುಹೋಗುವ ನೇರ ದಾರಿಯ ಪಕ್ಕದಲ್ಲಿ ಎದೆಮಟ್ಟದ ಗೋಡೆ. ಅದರ ಹಿಂದೆ ಒಂದೊಂದು ಕಾರಿನವರೂ ಒಂದೊಂದು ಕಪ್ಪು ಹಲಗೆ ಹಿಡಿದು ನಿಲ್ಲುತ್ತಾರೆ. ಹಳೇ ಕಾರುಗಳ ಪಂದ್ಯವಾದ್ದರಿಂದ ರೇಡಿಯೋ, ಇಯರ್‌ಫೋನು ಯಾವುದೂ ಇಲ್ಲ. ಓಡಿಸುವವರಿಗೆ ತಾವು ಎಷ್ಟನೆಯವರು, ಹಿಂದಿನ ಕಾರು ಎಷ್ಟು ಸೆಕೆಂಡು ದೂರದಲ್ಲಿದೆ, ಇನ್ನೆಷ್ಟು ಸುತ್ತು ಉಳಿದಿದೆ ಎಂದು ತಿಳಿಯುವುದು ಆ ಹಲಗೆಯಿಂದಲೇ. ಮೇಲಿನ ಸಾಲಿನಲ್ಲಿ ಸ್ಥಾನ, ಅದರ ಕೆಳಗೆ ಸೆಕೆಂಡು. ಹಲಗೆಯ ಸೀಳಿಗೆ ಸಿಕ್ಕಿಸುವ ಹಳದಿ ಅಂಕಿಗಳು ಒಂದು ತಗಡಿನ ಡಬ್ಬಿಯಲ್ಲಿರುತ್ತವೆ. ಕಾರಿನ ಕನ್ನಡಿಯಿದೆಯಲ್ಲ ಎನ್ನಬಹುದು. ಆ ವೇಗದಲ್ಲಿ ಕನ್ನಡಿಯಲ್ಲಿ ಕಾಣುವುದು ನಡುಗುವ ಬಣ್ಣಗಳಷ್ಟೇ.

ಡಾಕ್ಟರು ಕಾರಿಗೆ ಹತ್ತುವ ಮುಂಚೆ ತಮ್ಮ ನೀಲಿ ಮುಖದ ರೇಸಿನ ಗಡಿಯಾರವನ್ನು ಬಿಚ್ಚಿ ಹೆಂಡತಿಯ ಕೈಗೆ ಕಟ್ಟುತ್ತಿದ್ದರು. ಅದರ ಪಕ್ಕೆಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ತೆಳ್ಳನೆಯ ಕೆಂಪು ಮುಳ್ಳು ಓಡತೊಡಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಇನ್ನೊಂದು ಅದನ್ನು ಮೊದಲಿನ ಜಾಗಕ್ಕೆ ತರುತ್ತದೆ. ಗಂಡನ ಕಾರು ಹೋದಾಗ ಒತ್ತಿ, ಹಿಂದಿನ ಕಾರು ಬಂದಾಗ ಒತ್ತಿ, ಮುಳ್ಳು ತೋರಿಸಿದ ಅಂಕಿಯನ್ನು ಹಲಗೆಗೆ ಸಿಕ್ಕಿಸಿ ಮುಂದಿನ ಸುತ್ತಿಗೆ ತೋರಿಸುವುದು ಟೀಚರಮ್ಮನ ಕೆಲಸ. ಹಲಗೆ ಹೊರಗೆ ಚಾಚಿ ಹಿಡಿಯುವುದಕ್ಕೆ ಕಾರಿನ ಮೆಕ್ಯಾನಿಕ್ ಇದ್ದ. ಗ್ರೀಸಣ್ಣ ಎಂದು ಎಲ್ಲರೂ ಕರೆಯುತ್ತಿದ್ದ, ಊಟಕ್ಕೆ ಕೂತರೂ ಉಗುರಿನ ಕಪ್ಪು ಹೋಗದ ಮನುಷ್ಯ. ಕೆಲಸದ ನಡುವೆ ಟೀಚರಮ್ಮನ ತುಟಿ ಆಡುತ್ತಿರುತ್ತಿತ್ತು. ಲೆಕ್ಕದ ಟೀಚರಲ್ಲವೇ, ಸೆಕೆಂಡು ಎಣಿಸುತ್ತಿದ್ದಾಳೆ ಎಂದು ಡಾಕ್ಟರು ತಿಳಿದಿದ್ದರು. ಹೀಗೆ ಬಹಳ ವರ್ಷ ನಡೆಯಿತು.

ಕೊನೆಗೆ ಡಾಕ್ಟರನ್ನು ಕಾರಿನಿಂದ ಇಳಿಸಿದ್ದು ಅಪಘಾತವಲ್ಲ, ಕಸುಬು. ಜನರ ಬಾಯಿಗೆ ಬಗ್ಗಿ ಬಗ್ಗಿ ಕುತ್ತಿಗೆಯ ಎಲುಬು ಸವೆದಿತ್ತು. ತಲೆಗೆ ಹೆಲ್ಮೆಟ್ಟಿನ ಭಾರ ಬಿದ್ದರೆ ಎಡಗೈ ಬೆರಳು ಜೋಮು ಹಿಡಿಯುತ್ತಿತ್ತು. ಕ್ಲಬ್ಬಿನ ವೈದ್ಯರು ಸಹಿ ಹಾಕಲಿಲ್ಲ. ಡಾಕ್ಟರು ಗೊಣಗದೆ ಮನೆಗೆ ಬಂದು ಕಾರಿನ ಬೀಗದ ಕೈಯನ್ನು ಮಗಳ ಮುಂದಿಟ್ಟರು. ಲಿಫ್ಟ್ ದುರಸ್ತಿ ಮಾಡುವ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಆ ಹುಡುಗಿ, ಅಭ್ಯಾಸದ ದಿನಗಳಲ್ಲಿ ಅಪ್ಪನ ಕಾರನ್ನು ಓಡಿಸುತ್ತ ಆಗಲೇ ಅಪ್ಪನನ್ನು ಮೀರಿಸಿದ್ದಳು. ಒಬ್ಬಳೇ ಮಗಳು. ಅಪ್ಪನ ಮೂಗು, ಅಜ್ಜಿಯ ನಾಲಿಗೆ.

ಅವಳ ಮೊದಲ ನಿಜವಾದ ಪಂದ್ಯದ ಬೆಳಿಗ್ಗೆ ಡಾಕ್ಟರು ಮದುವೆಗೆ ಹೊರಟವರ ಹಾಗೆ ಇದ್ದರು.

"ಟೀಚರೇ, ಇವತ್ತು ವಾಚು ನಾನು ಕಟ್ಕೋತೀನಿ. ಹಲಗೆನೂ ನಂದೇ. ನೀನು ಆರಾಮಾಗಿ ನೋಡು."

"ಆರಾಮಾಗಿ?" ಎಂದು ಟೀಚರಮ್ಮ ಗಂಡನ ಮುಖ ನೋಡಿದರು. "ಆಗಲಿ. ನೀವೇ ಮಾಡಿ ನೋಡಿ."

"ಡಾಕ್ಟ್ರೇ, ಕೊನೆಗೂ ನಿಮ್ಮ ವಾಚು ನಿಮ್ಮ ಕೈಗೆ ಬಂತು. ದೃಷ್ಟಿ ತೆಗೀಬೇಕು" ಎಂದು ಗ್ರೀಸಣ್ಣ ನಕ್ಕ.

ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ, "ಅಪ್ಪ, ಅಂಕಿ ದೊಡ್ಡದಾಗಿ ಕಾಣೋ ಹಾಗೆ ಹಿಡಿ. ನೀನು ತೋರಿಸಿದ್ದೇ ನಂಗೆ ಗೊತ್ತಾಗೋದು" ಎಂದಳು.

"ನನಗೇ ಹೇಳ್ಕೊಡ್ತೀಯೇನೇ?" ಎಂದರು ಡಾಕ್ಟರು.

ಪಂದ್ಯ ಶುರುವಾಯಿತು. ಮೊದಲ ಕೆಲವು ಸುತ್ತು ಡಾಕ್ಟರಿಗೆ ಹಬ್ಬ. ಕೆಂಪು ಮುಳ್ಳು ಹೇಳಿದ ಮಾತು ಕೇಳುತ್ತಿತ್ತು, ಅಂಕಿಗಳು ಸೀಳಿನಲ್ಲಿ ಸರಾಗವಾಗಿ ಕೂರುತ್ತಿದ್ದವು. ಮಗಳು ಮೂರನೆಯವಳಾಗಿ ಓಡುತ್ತಿದ್ದಳು. ಟೀಚರಮ್ಮ ತುಸು ಮುಂದೆ, ಬೇಲಿಯ ಬಳಿ ನಿಂತಿದ್ದರು. ಗ್ರೀಸಣ್ಣ ಹಿಂದೆ ಟೈರು ಸರಿಸುತ್ತಿದ್ದ.

ನೇರ ದಾರಿ ಮುಗಿಯುವಲ್ಲಿ ಬಲಕ್ಕೊಂದು ದೊಡ್ಡ ತಿರುವು. ತಾವು ಓಡಿಸುವಾಗ ಡಾಕ್ಟರಿಗೆ ಅತ್ಯಂತ ಪ್ರಿಯವಾಗಿದ್ದ ತಿರುವು ಅದೇ. ಮಗಳ ಕಾರು ಅಲ್ಲಿಗೆ ನುಗ್ಗಿದಾಗ ಹಿಂದಿನ ಚಕ್ರಗಳು ಒಂದಿಷ್ಟು ಜಾರಿ ಹೊಗೆ ಎದ್ದಿತು. ಅವಳು ಸರಿಪಡಿಸಿಕೊಂಡು ಮುಂದೆ ಹೋದಳು. ಅಷ್ಟೇ. ತಾವೂ ನೂರಾರು ಸಲ ಹಾಗೆ ಜಾರಿದವರೇ. ಒಳಗೆ ಕೂತವರಿಗೆ ಅದು ಜಾರುವಿಕೆಯೇ ಅಲ್ಲ, ಕಾರು ಮಾತಾಡುವ ರೀತಿ. ಆದರೆ ಗೋಡೆಯ ಈಚೆ ನಿಂತು ನೋಡಿದಾಗ ಡಾಕ್ಟರ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ.

ಆಮೇಲಿನ ಪ್ರತಿ ಸುತ್ತಿನಲ್ಲೂ ಅದೇ ತಿರುವು, ಅದೇ ಹೊಗೆ. ಹಿಂದಿನಿಂದ ಒಂದು ನೀಲಿ ಕಾರು ಹತ್ತಿರ ಬರುತ್ತಿತ್ತು. ಮೊದಲು ಐದು ಸೆಕೆಂಡು, ಆಮೇಲೆ ಮೂರು. ಆ ಅಂಕಿ ಕಂಡಾಗೆಲ್ಲ ಮಗಳು ಇನ್ನಷ್ಟು ಜೋರಾಗಿ ಹೋಗುತ್ತಿದ್ದಳು, ಹೊಗೆ ಇನ್ನಷ್ಟು ಏಳುತ್ತಿತ್ತು. ಮುಂದಿನ ಸಲ ಗುಂಡಿ ಒತ್ತಿ ನೋಡಿದಾಗ ಕೆಂಪು ಮುಳ್ಳು ಒಂದನ್ನೂ ದಾಟಿರಲಿಲ್ಲ.

ಡಾಕ್ಟರು ಡಬ್ಬಿಗೆ ಕೈ ಹಾಕಿದರು. ಸೊನ್ನೆ ಕೈಗೆ ಸಿಕ್ಕಿತು. ಅದನ್ನು ಬಿಟ್ಟು ಎಂಟನ್ನು ತೆಗೆದರು.

ಯೋಚಿಸಿ ಮಾಡಿದ್ದೆಂದು ಹೇಳಲಾಗದು; ಯೋಚಿಸಲಿಲ್ಲ ಎಂದರೆ ಅದೂ ಸುಳ್ಳು. ಎಂಟು ಸೆಕೆಂಡು ಎಂದರೆ ಹಿಂದೆ ಯಾರೂ ಇಲ್ಲ ಎಂದೇ ಅರ್ಥ. ಬುದ್ಧಿಯಿರುವ ಯಾರಾದರೂ ಟೈರು ಉಳಿಸಿಕೊಳ್ಳಲು ನಿಧಾನವಾಗುತ್ತಾರೆ. ನಿಧಾನವಾಗಲಿ, ಒಂದು ಸ್ಥಾನ ಹೋದರೆ ಹೋಗಲಿ. ಮಗು ಮನೆಗೆ ಬರಲಿ. ಎಂಟನ್ನು ಸಿಕ್ಕಿಸಿ, ಹಲಗೆಯನ್ನು ಗೋಡೆಯಾಚೆ ಚಾಚಿ ಹಿಡಿದರು.

ಮಗಳು ನೋಡಿದಳು, ನಂಬಿದಳು. ಕಾರಿನ ಸದ್ದು ಸ್ವಲ್ಪ ಇಳಿಯಿತು. ದೊಡ್ಡ ತಿರುವಿಗೆ ಬೇಗನೆ ಬ್ರೇಕು ಹಾಕಿ, ಯಾರೂ ಇಲ್ಲದ ದಾರಿಯಲ್ಲಿ ಹೋಗುವವರಂತೆ ಅಗಲವಾಗಿ ಒಳಕ್ಕೆ ತಿರುಗಿಸಿದಳು. ಬೆನ್ನಿಗೇ ಬರುತ್ತಿದ್ದ ನೀಲಿ ಕಾರು ಆಗಲೇ ಆ ಒಳಗಿನ ಜಾಗಕ್ಕೆ ಮೂಗು ತೂರಿಸಿತ್ತು. ಅವಳು ಕೊನೇ ಗಳಿಗೆಯಲ್ಲಿ ಕಂಡು ಸ್ಟೀರಿಂಗನ್ನು ಆಚೆ ಎಳೆದಳು. ಎರಡು ಕಾರುಗಳ ನಡುವೆ ಒಂದು ಕೈ ತೂರುವಷ್ಟೂ ಜಾಗವಿರಲಿಲ್ಲ ಎಂದು ಆಮೇಲೆ ಜನ ಹೇಳಿದರು. ಅವಳ ಕಾರು ಅಂಚಿನ ಕಲ್ಲಿಗೆ ಬಡಿದು, ಹುಲ್ಲಿಗೆ ಇಳಿದು, ಬುಗುರಿಯಂತೆ ತಿರುಗಿ, ಟೈರುಗಳ ಸಾಲಿನ ಹತ್ತಿರ ನಿಂತುಬಿಟ್ಟಿತು.

ಡಾಕ್ಟರ ಕೈಯಿಂದ ಹಲಗೆ ಜಾರಿ ಗೋಡೆಯ ಈಚೆ ಬಿತ್ತು. ಧೂಳು ಇಳಿಯುವವರೆಗೆ ಅವರಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಎಂಜಿನ್ನು ಮತ್ತೆ ಸದ್ದು ಮಾಡಿತು, ಮಗಳು ಮೆಲ್ಲಗೆ ಹುಲ್ಲಿನಿಂದ ದಾರಿಗೆ ಬಂದಳು, ಕೊನೆಯವರ ಜೊತೆ ಕೊನೆಯವಳಾಗಿ ಪಂದ್ಯ ಮುಗಿಸಿದಳು.

ಕಾರಿನಿಂದ ಇಳಿದವಳೇ ಹೆಲ್ಮೆಟ್ಟು ತೆಗೆದು ಕೆನ್ನೆ ಒತ್ತಿಕೊಂಡಳು. ಕಲ್ಲಿಗೆ ಬಡಿದಾಗ ಹಲ್ಲು ಕಚ್ಚಿ ದವಡೆ ಹಲ್ಲಿನ ಮೂಲೆ ಚೂರು ಹಾರಿತ್ತು.

"ಅಪ್ಪ, ಎಂಟು ಅಂತ ಇತ್ತಲ್ವಾ? ನಾನು ಸರಿಯಾಗೇ ನೋಡಿದೆ. ಎಂಟು ಎಲ್ಲಿಂದ ಬಂತು?"

ಡಾಕ್ಟರು ಬಾಯಿ ತೆರೆದರು. ಮಾತು ಹೊರಡುವ ಮುಂಚೆ ಗ್ರೀಸಣ್ಣ ನಡುವೆ ಬಾಯಿ ಹಾಕಿದ. "ವಾಚು ಕೈಕೊಟ್ಟಿರುತ್ತೆ ಕಣಮ್ಮ. ಇನ್ನೇನು? ಎಷ್ಟು ದುಬಾರಿ ಆದ್ರೇನು, ಪೆಟ್ಟಿಗೆ ಒಳಗೆ ಮಲಗಿ ಮಲಗಿ ಸೋಮಾರಿ ಆಗಿದೆ."

"ಹೌದಾ ಅಪ್ಪ?"

ಡಾಕ್ಟರು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಅಷ್ಟು ಸಾಕಾಯಿತು. "ಮುಂದಿನ ಸಲ ನಾನೊಂದು ಸಾದಾ ಸ್ಟಾಪ್‌ವಾಚ್ ತರ್ತೀನಿ. ಇದನ್ನ ಮದುವೆ ಮನೆಗೆ ಕಟ್ಕೊಂಡು ಹೋಗು" ಎಂದು ಮಗಳು ನೋವಿನಲ್ಲೇ ನಕ್ಕಳು.

ಆ ಸಂಜೆ ಮನೆಯಲ್ಲಿ ಡಾಕ್ಟರು ಬಟ್ಟೆ ಹಾಸಿದರು, ನೀಲಿ ಗಡಿಯಾರವನ್ನು ಎದುರಿಗಿಟ್ಟುಕೊಂಡರು, ಒರೆಸಲು ಮಾತ್ರ ಕೈ ಬರಲಿಲ್ಲ. ಅದು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಯಾರ ಮುಖವನ್ನೂ ನೋಡದೆ ಇದ್ದದ್ದನ್ನು ಹೇಳುವ ವಸ್ತು. ಮೂಕವಸ್ತುವಿನ ಮೇಲೆ ಗೂಬೆ ಕೂರಿಸಿ ತಾವು ಸಭ್ಯರಾಗಿ ಕೂತಿದ್ದರು.

ಟೀಚರಮ್ಮ ಒಗೆದ ಬಟ್ಟೆ ಮಡಚುತ್ತ ಎದುರಿಗೆ ಕುಳಿತರು. ಒಂದೆರಡು ಬಟ್ಟೆ ಮಡಚಿ, ಕಣ್ಣೆತ್ತದೆ, "ನಾನು ನಿಂತಿದ್ದ ಕಡೆಯಿಂದ ಹಲಗೆ ಚೆನ್ನಾಗಿ ಕಾಣ್ತಿತ್ತು ಕಣ್ರೀ" ಎಂದರು.

ಡಾಕ್ಟರು ಗಡಿಯಾರವನ್ನು ಬೋರಲು ಹಾಕಿದರು.

"ನೀಲಿ ಕಾರು ಎಲ್ಲಿದೆ ಅನ್ನೋದೂ ಕಾಣ್ತಿತ್ತು."

"ಹೆದರಿಕೆ ಆಯ್ತು, ಟೀಚರೇ" ಎಂದರು ಡಾಕ್ಟರು. "ಅಲ್ಲಿ ನಿಂತು ನೋಡೋದು ಹೀಗಿರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ. ನೀನು ಒಂದು ದಿನನೂ ಹೇಳಲಿಲ್ಲ."

"ನೀವು ಕೇಳಲಿಲ್ಲ." ಆ ಮಾತಿನಲ್ಲಿ ಕಹಿಯಿರಲಿಲ್ಲ. "ನಂಗೂ ಕೈ ಹೋಗ್ತಿತ್ತು ಡಬ್ಬಿಗೆ. ಪ್ರತಿ ಸುತ್ತಿಗೂ ಹೋಗ್ತಿತ್ತು. ಒಂದು ಅಂಕಿ ಬದಲಾಯಿಸಿದ್ರೆ ಇವರು ನಿಧಾನ ಆಗ್ತಾರೆ, ಬದುಕಿ ಬರ್ತಾರೆ ಅಂತ."

"ಮತ್ತೆ?"

"ಮತ್ತೇನು? ದೇವರೇ, ನಿಜವಾದ ಅಂಕಿ ಸಿಕ್ಕಿಸೋಕೆ ನನ್ನ ಕೈಗೆ ಶಕ್ತಿ ಕೊಡು ಅಂತ ಕೇಳ್ಕೋತಿದ್ದೆ. ನಿಮ್ಮನ್ನ ಉಳಿಸು ಅಂತ ಕೇಳೋಕೂ ಪುರುಸೊತ್ತು ಇರ್ತಿರಲಿಲ್ಲ. ಮೊದಲು ಅಂಕಿ, ಅಷ್ಟರಲ್ಲಿ ನೀವು ಮತ್ತೆ ಬಂದಿರ್ತಿದ್ರಿ."

ಡಾಕ್ಟರು ತಲೆಯೆತ್ತಿದರು. "ತುಟಿ ಆಡ್ತಿತ್ತಲ್ಲ... ಎಣಿಸ್ತಿದ್ದೀಯ ಅಂದ್ಕೊಂಡಿದ್ದೆ ನಾನು."

"ಎಣಿಸೋಕೆ ನಿಮ್ಮ ವಾಚು ಇತ್ತಲ್ಲ" ಎಂದು ಟೀಚರಮ್ಮ ಮೊದಲ ಸಲ ನಕ್ಕರು. ನಕ್ಕು ಮತ್ತೆ ಗಂಭೀರವಾದರು. "ನೀವು ಆ ಹಲಗೆ ನಂಬಿ ಪ್ರಾಣ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ರಿ. ನಂಬಿದೋರಿಗೆ ನಮ್ಮ ಹೆದರಿಕೆನ ತೋರಿಸಬಹುದು, ಆದ್ರೆ ಅದನ್ನ ಅಂಕಿ ಅಂತ ಹೇಳಿ ಕೊಡಬಾರದು. ಅವಳಿಗೆ ನೀವೇ ಹೇಳಿ. ನಾನು ಹೇಳಲ್ಲ."

ಹೇಳಬೇಕೆಂದು ಡಾಕ್ಟರು ಅಂದೇ ನಿಶ್ಚಯಿಸಿದರು. ಆದರೆ ಮಗಳು ತಿಂಡಿ ತಿನ್ನುತ್ತಿದ್ದಾಗ ಹೇಳಲಾಗಲಿಲ್ಲ, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾಗಲೂ ಆಗಲಿಲ್ಲ. ಹಲ್ಲಿಗೆ ಸಿಮೆಂಟು ತುಂಬಿಸಿಕೊಳ್ಳಲು ಅವಳು ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಒರಗಿದಾಗ, ದೀಪ ಎಳೆದು, ಇಂಜೆಕ್ಷನ್ ಕೊಟ್ಟು, ಬಾಯಿ ಮುಚ್ಚದಂತೆ ಪಕ್ಕಕ್ಕೆ ರಬ್ಬರಿನ ತುಂಡಿಟ್ಟು, ಕೆನ್ನೆಯ ಒಳಗೆ ಹತ್ತಿ ತುರುಕಿದ ಮೇಲೆ, ಅವರ ನಾಲಿಗೆ ಸಡಿಲವಾಯಿತು.

"ಆ ದಿನ ವಾಚು ಸರಿಯಾಗೇ ಇತ್ತು ಮಗಳೇ."

ಅವಳ ಕಣ್ಣು ಇವರ ಕಡೆ ತಿರುಗಿತು.

"ಒಂದು ಸೆಕೆಂಡೂ ಇರಲಿಲ್ಲ. ನಾನೇ ಎಂಟು ಹಾಕಿದೆ. ನೀನು ನಿಧಾನ ಆಗ್ಲಿ ಅಂತ." ಹಲ್ಲಿನ ಗುಳಿಯನ್ನು ಒಣಗಿಸುತ್ತ, ಸಿಮೆಂಟು ತುಂಬಿ ನಯ ಮಾಡುತ್ತ, ಅದನ್ನು ಗಟ್ಟಿ ಮಾಡುವ ನೀಲಿ ಬೆಳಕಿನ ಕಡ್ಡಿಯನ್ನು ಅದರ ಮೇಲೆ ಹಿಡಿಯುತ್ತ ಡಾಕ್ಟರು ಎಲ್ಲವನ್ನೂ ಹೇಳಿದರು: ಹೊಗೆ, ತಮ್ಮ ಬಲಗಾಲು, ಕೈಗೆ ಸಿಕ್ಕ ಸೊನ್ನೆ. ಕೈ ನಡುಗಲಿಲ್ಲ. ಕೆಲಸದ ಕೈ ಯಾವತ್ತೂ ನಡುಗುವುದಿಲ್ಲ. ಮಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು, ಗಂಟಲಿನಿಂದ ಏನೋ ಸದ್ದು ಹೊರಡಿಸಿದಳು. "ಅಲ್ಲಾಡಬೇಡ, ಇನ್ನೊಂಚೂರು ಇದೆ" ಎಂದರು ಡಾಕ್ಟರು.

ಹತ್ತಿ ತೆಗೆದಾಗ ಅವಳು ಎದ್ದು ಕುಳಿತು ಬಾಯಿ ಮುಕ್ಕಳಿಸಿದಳು. ಉಗಿದಳು. ಮತ್ತೆ ಮುಕ್ಕಳಿಸಿದಳು. ಡಾಕ್ಟರು ಕೈಗವಸು ಬಿಚ್ಚಲೂ ಮರೆತು ನಿಂತಿದ್ದರು.

"ಬಾಯಿಗೆ ಬೀಗ ಹಾಕಿ ಹೇಳ್ತೀಯಲ್ಲ ಅಪ್ಪ" ಎಂದಳು ಕೊನೆಗೆ. ಅರ್ಧ ಮುಖ ಮರಗಟ್ಟಿದ್ದರಿಂದ ಮಾತು ತೊದಲುತ್ತಿತ್ತು, ಸಿಟ್ಟು ಮಾತ್ರ ಸ್ಪಷ್ಟವಾಗಿತ್ತು. "ನಾನು ಕನ್ನಡಿನೇ ನೋಡ್ಲಿಲ್ಲ, ಗೊತ್ತಾ? ಯಾಕೆ ನೋಡ್ಲಿ? ಯಾರೂ ಇಲ್ಲ ಅಂತ ನೀನು ಹೇಳಿದ್ದೆ."

"ಗೊತ್ತು."

"ಆ ನೀಲಿ ಕಾರಿನವನಿಗೂ ಮನೆ ಇದೆ. ಅವನಿಗೆ ಏನಾದ್ರೂ ಆಗಿದ್ರೆ?"

ಅದು ಡಾಕ್ಟರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನೀಲಿ ಕಾರು ಅವರ ಪಾಲಿಗೆ ಬರೀ ಒಂದು ಬಣ್ಣವಾಗಿತ್ತು. ಈ ಸಲ ಬಾಯಲ್ಲಿ ಹತ್ತಿ ಇಟ್ಟುಕೊಂಡವರು ಅವರೇ ಎಂಬಂತಿತ್ತು.

ಮಗಳು ಚೀಲ ಹೆಗಲಿಗೇರಿಸಿ ಹೋದಳು. ಆಮೇಲೆ ಹಲವು ದಿನ ಮನೆಯಲ್ಲಿ ಅಜ್ಜಿಯ ಮೂಲಕವೇ ವ್ಯವಹಾರ. "ಅಜ್ಜೀ, ಉಪ್ಪು ಈ ಕಡೆ ಕೊಡೋಕೆ ಹೇಳು." "ಲೇ ಮಗಾ, ನಿನ್ನ ಮಗಳಿಗೆ ಉಪ್ಪು ಬೇಕಂತೆ. ನಿನ್ನ ಪಕ್ಕದಲ್ಲೇ ಕೂತಿದ್ದಾಳೆ, ಕಣ್ಣು ಕಾಣಲ್ವಾ ಅಂತಾನೂ ಕೇಳ್ತಿದ್ದಾಳೆ. ಅದು ನಾನು ಸೇರಿಸಿದ್ದು." ಡಾಕ್ಟರು ಉಪ್ಪು ಸರಿಸುತ್ತಿದ್ದರು. ರಾತ್ರಿ ಬಟ್ಟೆ ಹಾಸುವುದನ್ನೂ ಬಿಟ್ಟಿದ್ದರು. ಕೀಲಿಯಿಲ್ಲದೆ ಕೆಲವು ಗಡಿಯಾರಗಳು ಪೆಟ್ಟಿಗೆಯೊಳಗೆ ತಮತಮಗೆ ತೋಚಿದ ಹೊತ್ತಿನಲ್ಲಿ ನಿಂತುಹೋದವು.

ಮುಂದಿನ ಪಂದ್ಯದ ದಿನ ಹತ್ತಿರ ಬಂದಾಗ ಹಲಗೆಯ ಪ್ರಶ್ನೆ ಎದ್ದಿತು. ಗ್ರೀಸಣ್ಣ ಮನೆಗೇ ಬಂದಿದ್ದ. "ನಂಗೆ ಹಿಡಿಯೋಕೆ ಬರುತ್ತೆ, ಕೂಡಿ ಕಳೆಯೋಕೆ ಬರಲ್ಲ. ಅಮ್ಮಾ, ಮತ್ತೆ ನೀವೇ ಬನ್ನಿ" ಎಂದು ಟೀಚರಮ್ಮನಿಗೆ ಹೇಳಿದ.

"ಇಲ್ಲಪ್ಪ. ನನ್ನ ಪಾಲಿನದು ನಾನು ಮುಗಿಸಿದ್ದೀನಿ" ಎಂದರು ಟೀಚರಮ್ಮ. ಮೃದುವಾಗಿಯೇ ಅಂದರು, ಆದರೆ ಅದರ ಮೇಲೆ ಇನ್ನೊಂದು ಮಾತಿಗೆ ಎಡೆಯಿರಲಿಲ್ಲ.

"ಹಾಗಾದ್ರೆ ಕ್ಲಬ್ಬಿನಲ್ಲಿ ಯಾರನ್ನಾದ್ರೂ ಕೇಳ್ತೀನಿ" ಎಂದು ಗ್ರೀಸಣ್ಣ ಎದ್ದ.

ಮಗಳು ಕಿಟಕಿಯ ಹತ್ತಿರ ಬೂಟಿನ ಮಣ್ಣು ಕೆರೆಯುತ್ತಿದ್ದಳು. ತಲೆ ಎತ್ತದೆಯೇ, "ಯಾರನ್ನೂ ಕೇಳಬೇಡ ಮಾಮ. ಅಪ್ಪ ಹಿಡೀಲಿ" ಎಂದಳು.

ಡಾಕ್ಟರು, "ನನ್ನ ಕೈಲಿ ಆಗುತ್ತೋ ಇಲ್ವೋ" ಎಂದರು. ಮಗಳ ಮುಖಕ್ಕೆ ಮುಖ ಕೊಟ್ಟು, ಎದುರಿನವರ ಬಾಯಿ ತೆರವಿದ್ದಾಗಲೇ ಹೇಳಿದ ಮಾತು ಅದು. "ನಿಜ ಹೇಳ್ತಿದ್ದೀನಿ. ಆ ತಿರುವು ನೋಡಿದ್ರೆ ನಂಗೆ ಮತ್ತೆ ಹಾಗೇ ಆಗುತ್ತೆ."

"ಆಗ್ಲಿ. ನಂಗೂ ಆ ತಿರುವಲ್ಲಿ ಹೆದರಿಕೆ ಆಗುತ್ತೆ. ಹೆದರ್ಕೊಂಡೇ ಓಡಿಸ್ತೀನಿ. ನೀನು ಹೆದರ್ಕೊಂಡೇ ಹಿಡಿ." ಬೂಟನ್ನು ಕೆಳಗಿಟ್ಟಳು. "ಆದ್ರೆ ಅಂಕಿ ಮಾತ್ರ ವಾಚು ಹೇಳಿದ್ದೇ ಇರಬೇಕು. ಇನ್ನೊಂದ್ಸಲ ಆದ್ರೆ ನಾನು ಯಾವ ಹಲಗೆನೂ ನಂಬಲ್ಲ ಅಪ್ಪ. ಹಲಗೆ ನಂಬದೆ ಅಲ್ಲಿ ಓಡಿಸೋಕಾಗಲ್ಲ."

ಅಜ್ಜಿ ಒಳಗಿನಿಂದ ಕೂಗಿದರು: "ಇನ್ಮೇಲೆ ಉಪ್ಪು ನೀವೇ ಕೇಳ್ಕೋಬಹುದು ಅಂತ ಆಯ್ತಾ?"

ಪಂದ್ಯದ ದಿನ ಮೋಡ ಮುಚ್ಚಿ ಗಾಳಿ ಬೀಸುತ್ತಿತ್ತು. ಡಾಕ್ಟರು ನೀಲಿ ಗಡಿಯಾರವನ್ನೇ ಕಟ್ಟಿಕೊಂಡು ಗೋಡೆಯ ಹಿಂದೆ ನಿಂತರು. ಟೀಚರಮ್ಮ ಈ ಸಲ ಬೇಲಿಗೆ ಹೋಗಲಿಲ್ಲ, ಪಕ್ಕದಲ್ಲೇ ಒಂದು ಮಡಚುವ ಕುರ್ಚಿ ಹಾಕಿಕೊಂಡು, ಹಲಗೆಯ ಕಡೆ ಬೆನ್ನು ಮಾಡಿ ಕುಳಿತರು. ನೋಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಮಗಳು ಮತ್ತೆ ಮೂರನೆಯವಳು. ಅರ್ಧ ಪಂದ್ಯ ಕಳೆಯುವಷ್ಟರಲ್ಲಿ ಅದೇ ನೀಲಿ ಕಾರು ಹಿಂದೆ ಕಾಣಿಸಿಕೊಂಡಿತು. ಈಗ ಡಾಕ್ಟರು ಅದರೊಳಗೆ ಕೂತ ಹುಡುಗನ ಹೆಲ್ಮೆಟ್ಟನ್ನೂ ನೋಡಿದರು. ಅವನದೂ ಒಂದು ಹಲಗೆ ಸ್ವಲ್ಪ ದೂರದಲ್ಲಿತ್ತು. ಅದನ್ನು ಹಿಡಿದಿದ್ದ ಹೆಂಗಸಿನ ತುಟಿ ಆಡುತ್ತಿತ್ತು. ಮುಳ್ಳು ನಾಲ್ಕು ಹೇಳಿತು. ನಾಲ್ಕು ಸಿಕ್ಕಿಸಿದರು. ಎರಡು ಹೇಳಿತು. ಎರಡು ಸಿಕ್ಕಿಸಿದರು. ದೊಡ್ಡ ತಿರುವಿನಲ್ಲಿ ಹೊಗೆ ಎದ್ದಿತು, ಅವರ ಬಲಗಾಲು ನೆಲವನ್ನು ಒತ್ತಿತು. ಮುಂದಿನ ಸಲ ಗುಂಡಿ ಒತ್ತಿದಾಗ ಮುಳ್ಳು ಹೊರಟ ಜಾಗದಿಂದ ಅಲುಗಿತೋ ಇಲ್ಲವೋ ಎಂಬಂತೆ ನಿಂತಿತ್ತು.

ಡಾಕ್ಟರು ಡಬ್ಬಿಯೊಳಗೆ ಕೈ ಹಾಕಿದರು. ಅಂಕಿಗಳು ತಣ್ಣಗಿದ್ದವು. ಆ ಗಳಿಗೆಯಲ್ಲಿ ಅವರಿಗೆ ಯಾವ ಪ್ರಾರ್ಥನೆಯೂ ನೆನಪಾಗಲಿಲ್ಲ. 'ಇದ್ದದ್ದು, ಇದ್ದ ಹಾಗೆ' ಎಂಬ ಎರಡು ಮಾತು ಮಾತ್ರ ಬಾಯಿಗೆ ಬಂತು. ಅದನ್ನೇ ಹೇಳಿಕೊಳ್ಳುತ್ತ ಸೊನ್ನೆಯನ್ನು ತೆಗೆದು ಸೀಳಿಗೆ ಒತ್ತಿದರು. ಒಂದು ಸಲಕ್ಕೆ ಕೂರಲಿಲ್ಲ. ಇನ್ನೊಮ್ಮೆ ಒತ್ತಿದರು. ಹಲಗೆಯನ್ನು ಎರಡೂ ಕೈಯಿಂದ ಎತ್ತಿ, ಕುತ್ತಿಗೆಯ ನೋವನ್ನೂ ಲೆಕ್ಕಿಸದೆ, ಆದಷ್ಟು ಹೊರಗೆ ಚಾಚಿದರು.

ಕಾರು ಸಿಡಿದ ಹಾಗೆ ಹಾದುಹೋಯಿತು. ಅವಳು ನೋಡಿದಳು. ಹೆಲ್ಮೆಟ್ಟು ಒಂದು ಕೂದಲಿನಷ್ಟು ಇತ್ತ ತಿರುಗಿದ್ದನ್ನು ಡಾಕ್ಟರು ಕಂಡರು. ಬೆನ್ನಿಗೇ ನೀಲಿ ಕಾರು. ತಿರುವಿನಲ್ಲಿ ನೀಲಿ ಕಾರಿನವನು ಒಳಗಿನಿಂದ ಮೂಗು ತೂರಿಸಿದ. ಅಲ್ಲಿ ಒಬ್ಬನಿದ್ದಾನೆಂದು ಮಗಳಿಗೆ ಗೊತ್ತಿತ್ತು. ಅವನಿಗೆ ಒಂದು ಕಾರಿನಷ್ಟು ಜಾಗ ಬಿಟ್ಟು, ತಾನೂ ಬಿಟ್ಟುಕೊಡದೆ, ಪಕ್ಕಪಕ್ಕದಲ್ಲೇ ತಿರುಗಿಸಿದಳು. ಎರಡು ಕಾರುಗಳೂ ಎತ್ತಿನ ಜೋಡಿಯ ಹಾಗೆ ಹೊಗೆಯೊಳಗೆ ಹೋಗಿ, ಆಚೆ ಕಡೆಯಿಂದ ಇಡಿಯಾಗಿ ಹೊರಬಂದವು. ಹೊರಬರುವಾಗ ನೀಲಿಯದು ಮುಂದಿತ್ತು.

"ಏನಾಯ್ತು ರೀ?" ಎಂದು ಟೀಚರಮ್ಮ ತಿರುಗದೆಯೇ ಕೇಳಿದರು.

"ಹಿಂದೆ ಬಿದ್ದಳು" ಎಂದರು ಡಾಕ್ಟರು. "ಚೆನ್ನಾಗಿ ಬಿದ್ದಳು."

ಹಲಗೆಯನ್ನು ಗೋಡೆಯ ಮೇಲೆ ಮಲಗಿಸಿ ಮೇಲಿನ ಸಾಲಿನ ಮೂರನ್ನು ಕಿತ್ತರು. ಮಗಳು ಮತ್ತೆ ಬರುವುದರೊಳಗೆ ಸಿಕ್ಕಿಸಬೇಕೆಂದು, ಡಬ್ಬಿಯನ್ನು ಬರಸೆಳೆದುಕೊಂಡು, ನಾಲ್ಕು ಎಲ್ಲಿದೆ ಎಂದು ಹುಡುಕತೊಡಗಿದರು.